ಕೆಸರಿನ ದಾರಿಗೆ ಅಡ್ಡಪಟ್ಟಿ

ಕೃಷ್ಣರಾಜನಗರದಿಂದ ಹೊಳೆನರಸೀಪುರದ ಕಡೆ ಹೋಗುವ ರೈಲುದಾರಿಯಲ್ಲಿ, ಹೇಮಾವತಿಯ ದಂಡೆಗೆ ಸಿಗುವ ಊರು ಅಕ್ಕಿಹೆಬ್ಬಾಳು. ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟಿ, ಗೊರೂರಿನ ಅಣೆಕಟ್ಟೆ ದಾಟಿ ಬರುವ ಹೊಳೆ ಇಲ್ಲಿಂದ ಕೆಳಗೆ ಅಂಬಿಗರಹಳ್ಳಿಯ ಸಂಗಮದಲ್ಲಿ ಕಾವೇರಿಯನ್ನು ಕೂಡಿ ಕನ್ನಂಬಾಡಿಯ ಹಿನ್ನೀರಾಗುತ್ತದೆ. ನೀರು ಸಿಕ್ಕ ಕಡೆಯಲ್ಲೆಲ್ಲ ಭತ್ತ, ಕಬ್ಬು, ತೆಂಗು. ನಾಲೆಗೆ ನೀರು ಬಿಟ್ಟು, ಮೇಲೆ ಮಳೆಯೂ ಹಿಡಿದುಕೊಂಡಿತೆಂದರೆ ಗದ್ದೆಯಿಂದ ಡಾಂಬರು ರಸ್ತೆಯವರೆಗಿನ ಬಂಡಿಜಾಡು ಪೂರಾ ಕೆಸರು. ಅದೇ ಜಿಲ್ಲೆಯಲ್ಲಿ ನಾಗಮಂಗಲದ ಕಡೆ ತಿರುಗಿದರೆ ಕೆಂಪು ನೆಲ, ನೊರಜುಗಲ್ಲು. ಬೆಳಿಗ್ಗೆ ಗೊಬ್ಬರದ ಮೂಟೆ ಹೇರಿಕೊಂಡು ಗದ್ದೆಗೆ ಇಳಿದು, ಮಧ್ಯಾಹ್ನ ಕಲ್ಲುದಾರಿ ಹಿಡಿಯುವ ಜೀಪಿಗೆ ಚಕ್ರದ ಮೇಲಿನ ಮುಚ್ಚಿಗೆ ಎಷ್ಟು ಅಗಲವಿರಬೇಕು, ಅದು ಯಾವುದರದ್ದಾಗಿರಬೇಕು ಎಂಬುದು ಚೆಂದಕ್ಕೆ ಸಂಬಂಧಿಸಿದ ಪ್ರಶ್ನೆ ಅನ್ನಿಸಬಹುದು. ನನಗೆ ಅದು ಭೌತವಿಜ್ಞಾನದ, ಮಣ್ಣಿನ ವಿಜ್ಞಾನದ ಮತ್ತು ಸ್ವಲ್ಪಮಟ್ಟಿಗೆ ರೇಖಾಗಣಿತದ ಪ್ರಶ್ನೆ.

ಮಹೀಂದ್ರಾ ಕಂಪನಿ 1947ರಲ್ಲಿ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಆ ಮಾದರಿಯ ಜೀಪಿನ ಟೈರಿನ ಅಳತೆ 6.00-16, ಅಂದರೆ ಅಗಲ ಸುಮಾರು 15 ಸೆಂಟಿಮೀಟರು. ಟೈರು ಮಡ್‌ಗಾರ್ಡಿನ ಒಳಗೇ ಅಡಗಿರುತ್ತಿತ್ತು. ಈಗ ಕೆಸರಿನಲ್ಲಿ ಹೂತುಹೋಗಬಾರದೆಂದು ಅದೇ ಜೀಪಿಗೆ 23.5 ಸೆಂಟಿಮೀಟರು ಅಗಲದ ಟೈರು ಹಾಕಿಸುವವರು ಬಹಳ. ಅಗಲ ಹೆಚ್ಚಿದ್ದರಲ್ಲಿ ಅರ್ಧ, ಅಂದರೆ 4 ಸೆಂಟಿಮೀಟರು, ಹೊರಕ್ಕೆ ಬರುತ್ತದೆ. ರಿಮ್ಮೂ ಬೇರೆಯದಾದರೆ ಚಕ್ರವೇ ಇನ್ನಷ್ಟು ಆಚೆ ಸರಿಯುತ್ತದೆ. ಒಟ್ಟು 7–8 ಸೆಂಟಿಮೀಟರು ಟೈರು ಮುಚ್ಚಿಗೆಯಿಲ್ಲದೆ ಹೊರಗೆ ನಿಲ್ಲುತ್ತದೆ. ಆ ಬತ್ತಲೆ ಪಟ್ಟಿಯ ಮೇಲೆ ಚಾಚಿಕೊಳ್ಳುವಂತೆ ಚಕ್ರದ ಮೇಲಿನ ಕಮಾನಿನ ಅಂಚಿಗೆ ಕೂರಿಸುವ ತುಂಡನ್ನು ಗಾಡಿಯವರು ಫೆಂಡರ್ ಫ್ಲೇರ್ ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುತ್ತದೆ, ಮನೆಯಲ್ಲೂ ಮಾಡಿಕೊಳ್ಳಬಹುದು. ಕಳಚಿ ಮತ್ತೆ ಹಾಕಿಕೊಳ್ಳುವಂಥದ್ದನ್ನು ಮಾಡಿಕೊಳ್ಳುವುದು ನಮ್ಮ ಮಣ್ಣಿಗೆ ಎಲ್ಲಕ್ಕಿಂತ ಒಳ್ಳೆಯದು. ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಮೊದಲು ಕೆಸರು ಚಕ್ರವನ್ನು ಬಿಟ್ಟು ಹೊರಡುವ ದಾರಿಯನ್ನು ನೋಡಬೇಕು.

ಉರುಳುವ ಚಕ್ರದಲ್ಲಿ ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ. ಚಕ್ರದ ನೆತ್ತಿಯಲ್ಲಿರುವ ಬಿಂದು ಗಾಡಿಯ ವೇಗಕ್ಕಿಂತ ಎರಡು ಪಟ್ಟು ವೇಗದಲ್ಲಿ ಮುಂದಕ್ಕೆ ಓಡುತ್ತಿರುತ್ತದೆ. ಇದು ರಸ್ತೆಬದಿಯಲ್ಲಿ ನಿಂತವನ ಕಣ್ಣಿನ ಲೆಕ್ಕ. ಗಾಡಿಯಲ್ಲಿ ಕೂತವನ ಲೆಕ್ಕದಲ್ಲಿ ಟೈರಿನ ಹೊರಮೈ ಎಲ್ಲ ಕಡೆಯೂ ಒಂದೇ ವೇಗದಲ್ಲಿ, ಗಾಡಿಯ ವೇಗದಲ್ಲೇ, ಸುತ್ತುತ್ತಿರುತ್ತದೆ. ಅದಕ್ಕೆ ಅಂಟಿದ ಮಣ್ಣು ಬಿಟ್ಟುಕೊಂಡ ಕೂಡಲೇ ಸುತ್ತುವುದನ್ನು ನಿಲ್ಲಿಸಿ, ಆ ಬಿಂದುವಿನಲ್ಲಿ ಚಕ್ರಕ್ಕೆ ಎಳೆದ ಸ್ಪರ್ಶರೇಖೆಯ ದಿಕ್ಕಿನಲ್ಲಿ ನೆಟ್ಟಗೆ ಹೊರಡುತ್ತದೆ. ನೆಲದಿಂದ ಆಗಷ್ಟೇ ಎದ್ದ ಜಾಗದಲ್ಲಿ ಬಿಟ್ಟರೆ ಹಿಂದಕ್ಕೆ ಹಾರುತ್ತದೆ. ಅಚ್ಚಿನ ಎತ್ತರಕ್ಕೆ ಬಂದಾಗ ಬಿಟ್ಟರೆ ನೇರ ಮೇಲಕ್ಕೆ. ನೆತ್ತಿಯಲ್ಲಿ ಬಿಟ್ಟರೆ ಮುಂದಕ್ಕೆ.

ಹಳೆಯ ಎತ್ತಿನಗಾಡಿಗೆ ಮಡ್‌ಗಾರ್ಡ್ ಯಾಕಿರಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ವೇಗದ ವರ್ಗವು ಚಕ್ರದ ತ್ರಿಜ್ಯ ಮತ್ತು ಗುರುತ್ವದ ಗುಣಲಬ್ಧಕ್ಕಿಂತ ಕಡಿಮೆಯಿರುವ ತನಕ, ಚಕ್ರದಿಂದ ಬಿಟ್ಟ ಯಾವ ಹನಿಯೂ ಚಕ್ರದ ನೆತ್ತಿಗಿಂತ ಮೇಲೆ ಹೋಗಲಾರದು. ಮುಕ್ಕಾಲು ಮೀಟರು ತ್ರಿಜ್ಯದ ಗಾಡಿಚಕ್ರಕ್ಕೆ ಆ ಗಡಿ ಗಂಟೆಗೆ ಸುಮಾರು 10 ಕಿಲೊಮೀಟರು. ಹೇರು ಹೊತ್ತ ಎತ್ತುಗಳು ಅದರ ಅರ್ಧ ವೇಗದಲ್ಲಿ ನಡೆಯುತ್ತವೆ. ಮಣ್ಣು ಚಕ್ರವನ್ನು ಬಿಟ್ಟಾಗ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ, ಅಷ್ಟೆ. ಜೀಪಿನ ಟೈರಿನ ತ್ರಿಜ್ಯ ಸುಮಾರು 37 ಸೆಂಟಿಮೀಟರು. ಅದಕ್ಕೆ ಗಡಿ ಗಂಟೆಗೆ 7 ಕಿಲೊಮೀಟರು! ಮೊದಲ ಗೇರಿನಲ್ಲಿ ತೆವಳುವ ಹೊತ್ತು ಬಿಟ್ಟರೆ ಜೀಪು ಸದಾ ಗಡಿಯಾಚೆಯೇ ಇರುತ್ತದೆ. ಗಂಟೆಗೆ 20 ಕಿಲೊಮೀಟರಿನಲ್ಲಿ ಹೋಗುವಾಗ, ಗಾಳಿಯ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಹನಿ ನೆಲದಿಂದ ಸುಮಾರು 2 ಮೀಟರು ಎತ್ತರಕ್ಕೆ ಏರುತ್ತದೆ. ಜೀಪಿನ ಟಾಪಿಗಿಂತ ಮೇಲೆ. ಅಷ್ಟು ಎತ್ತರಕ್ಕೆ ಹಾರುವುದು ಚಕ್ರದ ಹಿಂಭಾಗದಲ್ಲಿ, ಅಚ್ಚಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬಿಟ್ಟುಕೊಂಡ ಮಣ್ಣು.

ಇಲ್ಲೊಂದು ಸೂಕ್ಷ್ಮವಿದೆ. ಹೀಗೆ ಮೇಲಕ್ಕೆ ಹಾರಿದ ಮುದ್ದೆಗೆ ಗಾಡಿಯ ಮುಂದೋಟವೂ ಇರುತ್ತದೆ. ಹಾಗಾಗಿ ಅದು ಹಿಂದೆ ಉಳಿಯುವುದಿಲ್ಲ. ಗಾಡಿಯ ಪಕ್ಕದಲ್ಲೇ ಜೊತೆಗೆ ಸಾಗುತ್ತಾ ಏರಿ, ಜೊತೆಗೇ ಸಾಗುತ್ತಾ ಇಳಿಯುತ್ತದೆ. ಎದುರುಗಾಳಿ ಅದನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಚಕ್ರದಿಂದ ಹಾರಿದ್ದು ಬಂದು ಬೀಳುವುದು ಎಲ್ಲಿಗೆ? ಡ್ರೈವರನ ಮೊಣಕೈಗೆ, ಕನ್ನಡಿಗೆ, ಬಾಗಿಲಿಲ್ಲದ ಜೀಪಾದರೆ ನೇರ ಮುಖಕ್ಕೆ. ಟೈರಿನ ಹೊರಗಿನ ನಾಲ್ಕು ಬೆರಳು ಅಗಲದ ಪಟ್ಟಿಯಿಂದಲೇ ಇಷ್ಟೆಲ್ಲ ಆಗುತ್ತದೆ. ಒಳಗಿನ ಭಾಗದ ಮಣ್ಣನ್ನು ಮಡ್‌ಗಾರ್ಡು ತಡೆದಿರುತ್ತದೆ.

ಎಲ್ಲ ಮಣ್ಣೂ ಒಂದೇ ಜಾಗದಲ್ಲಿ ಚಕ್ರವನ್ನು ಬಿಡುವುದಿಲ್ಲ. ನೀರು ಬೇಗ ಬಿಡುತ್ತದೆ, ನೆಲದಿಂದ ಏಳುತ್ತಿದ್ದಂತೆಯೇ. ಅದನ್ನು ಹಿಡಿಯುವುದು ಹಿಂದೆ ಜೋತುಬಿದ್ದ ರಬ್ಬರು ಪಟ್ಟಿಯ ಕೆಲಸ. ಜೇಡಿ ಬೆರೆತ ಕೆಸರು ಹಟಮಾರಿ. ಅರ್ಧ ಸುತ್ತು, ಕೆಲವೊಮ್ಮೆ ಹತ್ತಾರು ಸುತ್ತು ಅಂಟಿಕೊಂಡೇ ಬರುತ್ತದೆ. ಆ ಅಂಟಿನ ಮೂಲ ಜೇಡಿಯ ಕಣದ ಗಾತ್ರದಲ್ಲಿದೆ. ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತ ಸಣ್ಣದಾದ ಕಣವನ್ನು ಮಣ್ಣಿನ ವಿಜ್ಞಾನಿಗಳು ಜೇಡಿ ಎಂದು ಎಣಿಸುತ್ತಾರೆ. ಅವು ಹಾಳೆಯ ಆಕಾರದ ಕಣಗಳು. ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಜೇಡಿಯ ಒಂದು ಗ್ರಾಮಿನಲ್ಲಿರುವ ಹಾಳೆಗಳ ಮೈಯನ್ನೆಲ್ಲ ಹರಡಿದರೆ 10–20 ಚದರ ಮೀಟರಾಗುತ್ತದೆ. ಕಪ್ಪು ಮಣ್ಣಿನ ಮಾಂಟ್‌ಮೊರಿಲೊನೈಟ್ ಜೇಡಿಯಲ್ಲಿ ನೀರು ಪದರಗಳ ನಡುವೆಯೇ ನುಗ್ಗುವುದರಿಂದ ಅದು 700 ಚದರ ಮೀಟರನ್ನೂ ದಾಟುತ್ತದೆ. ಅಷ್ಟು ಮೈಯನ್ನು ಹಿಡಿದ ನೀರಿನ ತೆಳು ಪೊರೆ ಕಣಕ್ಕೂ ಕಣಕ್ಕೂ, ಕಣಕ್ಕೂ ರಬ್ಬರಿಗೂ ನಡುವೆ ಸೇತುವೆ ಕಟ್ಟಿ ಎಳೆದುಕೊಳ್ಳುತ್ತದೆ. ಒಣಗಿದ್ದರೆ ಸೇತುವೆಯಿಲ್ಲ, ಧೂಳು. ನೀರು ಮಿತಿಮೀರಿದರೆ ಎಳೆತ ಸಡಿಲಿ ರಾಡಿ ಹರಿದುಹೋಗುತ್ತದೆ. ನಡುವಿನ ಹದವೇ ಅಪಾಯದ್ದು.

ಈ ಹದಕ್ಕೆ ಅಳತೆ ಕೊಟ್ಟವನು ಸ್ವೀಡನ್ನಿನ ಆಲ್ಬರ್ಟ್ ಆಟರ್‌ಬರ್ಗ್, 1911ರಲ್ಲಿ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಎಳೆ ಮಾಡುವುದು, ಎಳೆ ಪುಡಿಯಾಗತೊಡಗಿದಾಗ ಅದರಲ್ಲಿ ಎಷ್ಟು ನೀರಿದೆ ಎಂದು ತೂಗುವುದು. ಇವತ್ತಿಗೂ ರಸ್ತೆ ಕಟ್ಟುವ ಎಂಜಿನಿಯರುಗಳು 3 ಮಿಲಿಮೀಟರು ದಪ್ಪದ ಎಳೆಯನ್ನು ಹೊಸೆದೇ ಮಣ್ಣನ್ನು ಪರೀಕ್ಷಿಸುತ್ತಾರೆ. ಉಳುಮೆಗೆ ಮುಂಚೆ ಹಿಡಿ ಮಣ್ಣೆತ್ತಿ ಹಿಸುಕಿ ನೋಡುವ ನಮ್ಮ ರೈತರ ಬೆರಳಿಗೆ ಈ ಪರೀಕ್ಷೆ ಹೊಸದೇನಲ್ಲ.

ಅಂಟಿದ ಮಣ್ಣನ್ನು ಚಕ್ರದಿಂದ ಕೀಳಲು ಎಷ್ಟು ಬಲ ಬೇಕು? ಗಂಟೆಗೆ 20 ಕಿಲೊಮೀಟರಿನಲ್ಲಿ ಜೀಪಿನ ಟೈರಿನ ಹೊರಮೈಯಲ್ಲಿರುವ ಮಣ್ಣಿಗೆ ಅದರ ತೂಕದ ಎಂಟೂವರೆ ಪಟ್ಟು ಹೊರಸೆಳೆತ. 60ರಲ್ಲಿ 76 ಪಟ್ಟು. ವೇಗ ಮೂರು ಪಟ್ಟಾದರೆ ಸೆಳೆತ ಒಂಬತ್ತು ಪಟ್ಟಾಗುತ್ತದೆ. 2 ಸೆಂಟಿಮೀಟರು ದಪ್ಪದ ಕೆಸರಿನ ಪದರವನ್ನು ತೆಗೆದುಕೊಳ್ಳಿ. 20ರಲ್ಲಿ ಅದನ್ನು ಹಿಡಿದಿಡಲು ಚದರ ಸೆಂಟಿಮೀಟರಿಗೆ 30 ಗ್ರಾಮು ತೂಕದಷ್ಟು ಅಂಟು ಸಾಕು. ಹದವಾದ ಜೇಡಿಗೆ ಇದು ದೊಡ್ಡದಲ್ಲ. 60ರಲ್ಲಿ 275 ಗ್ರಾಮಿನಷ್ಟು ಬೇಕು. ಹಾಗಾಗಿ ಗದ್ದೆಯ ಜಾಡಿನಲ್ಲಿ ತೆಪ್ಪಗೆ ಅಂಟಿಕೊಂಡಿದ್ದ ಮುದ್ದೆ ಡಾಂಬರು ರಸ್ತೆಗೆ ಬಂದು ಗೇರು ಏರಿಸಿದ ಮೇಲೆ ಕಿತ್ತುಬರುತ್ತದೆ. ಅಕ್ಕಿಹೆಬ್ಬಾಳಿನ ಸುತ್ತಿನ ರಸ್ತೆಗಳಲ್ಲಿ ನಾಟಿ ಕಾಲದಲ್ಲೂ ಕಬ್ಬು ಕಡಿಯುವ ಕಾಲದಲ್ಲೂ ಗದ್ದೆ ಬಾಗಿಲಿನಿಂದ ಒಂದಷ್ಟು ದೂರ ಮಣ್ಣಿನ ಹೆಂಟೆಗಳು ಚೆಲ್ಲಿರುವುದಕ್ಕೆ ಕಾರಣ ಇದೇ. ಮಳೆ ಬಿದ್ದರೆ ಅದರ ಮೇಲೆ ಬೈಕಿನವರು ಜಾರುತ್ತಾರೆ. ರಸ್ತೆಗೆ ಹತ್ತುವ ಮುಂಚೆ ಗುದ್ದಲಿ ತುದಿಯಿಂದ ಟೈರನ್ನು ಕೆರೆದು ಹೊರಡುವವರಿಗೆ ಐದು ನಿಮಿಷ ಹೋಗಬಹುದು. ಆ ಐದು ನಿಮಿಷವನ್ನು ನಾನು ಯಾವ ಫ್ಲೇರಿಗಿಂತಲೂ ಮೇಲೆ ಇಡುತ್ತೇನೆ.

ಈಗ ಮುಚ್ಚಿಗೆಗೆ ಬರೋಣ. ಅದು ಮಣ್ಣನ್ನು ತಡೆಯಬೇಕು, ಆದರೆ ಹಿಡಿದುಕೊಂಡು ಕೂರಬಾರದು. 8 ಸೆಂಟಿಮೀಟರು ಅಗಲದ ಫ್ಲೇರಿನ ಒಳಮೈಗೆ ಎರಡು ಸೆಂಟಿಮೀಟರು ಕೆಸರು ಮೆತ್ತಿದರೆ ಸುಮಾರು 4 ಕಿಲೊ ತೂಗುತ್ತದೆ. ಗುಂಡಿಯಲ್ಲಿ ಗಾಡಿ ಕುಕ್ಕಿದಾಗ ಕೀಲುಗಳ ಮೇಲೆ ಬೀಳುವ ಹೊರೆ ಅದರ ಹಲವು ಪಟ್ಟು. ಇನ್ನೂ ಕೆಟ್ಟದ್ದು ತುಕ್ಕು. ಒದ್ದೆ ಮಣ್ಣು ಮುಚ್ಚಿಕೊಂಡ ಕಡೆ ಗಾಳಿ ಕಡಿಮೆ, ಅದರ ಅಂಚಿನಲ್ಲಿ ಹೆಚ್ಚು. ಒಂದೇ ತಗಡಿನ ಎರಡು ಜಾಗಗಳ ನಡುವಿನ ಈ ಆಮ್ಲಜನಕದ ವ್ಯತ್ಯಾಸವೇ ಸಣ್ಣದೊಂದು ವಿದ್ಯುತ್ ಕೋಶವಾಗುತ್ತದೆ; ಗಾಳಿ ಕಡಿಮೆಯಿರುವ ಕಡೆಯ ಕಬ್ಬಿಣ ಕರಗುತ್ತಾ ಹೋಗುತ್ತದೆ. ಗದ್ದೆಯ ಕೆಸರಿನಲ್ಲಿ ಪೊಟ್ಯಾಷ್ ಗೊಬ್ಬರವೂ ಇರುತ್ತದೆ. ಅದು ಪೊಟ್ಯಾಸಿಯಂ ಕ್ಲೋರೈಡ್. ಕ್ಲೋರೈಡು ತುಕ್ಕಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಸ್ಕ್ರೂ ಬಿಗಿದು ಕಾಯಂ ಕೂರಿಸಿದ ಫ್ಲೇರಿನ ಹಿಂದೆ ಏನಾಗುತ್ತಿದೆ ಎಂದು ಯಾರೂ ನೋಡುವುದಿಲ್ಲ. ತೆಗೆದು ನೋಡುವ ಹೊತ್ತಿಗೆ ಕಮಾನಿನ ಅಂಚು ತೂತುಬಿದ್ದಿರುತ್ತದೆ. ಕಳಚುವ ಫ್ಲೇರು ಬೇಕೆನ್ನುವುದಕ್ಕೆ ಮೊದಲ ಕಾರಣ ಇದು. ಎರಡನೆಯದು, ಕಬ್ಬಿನ ಸಾಲಿನ ನಡುವೆ ನುಗ್ಗುವಾಗ ಚಾಚಿಕೊಂಡದ್ದೆಲ್ಲ ಸಿಕ್ಕಿಕೊಳ್ಳುತ್ತದೆ.

ಯಾವುದರಲ್ಲಿ ಮಾಡುವುದು? ತಗಡು ಮೊದಲು ನೆನಪಾಗುತ್ತದೆ, ಎಲ್ಲ ಗ್ಯಾರೇಜಿನಲ್ಲೂ ಬಿದ್ದಿರುತ್ತದೆ. ಅದನ್ನು ಬಿಟ್ಟುಬಿಡಿ. ಗಾಡಿಯ ಪಕ್ಕಕ್ಕೆ ಚಾಚಿದ ತಗಡಿನ ಅಂಚು ಸಂತೆ ದಿನ ಜನರ ನಡುವೆ ಹಾಯುವಾಗ ಮೊಣಕಾಲಿನ ಎತ್ತರದಲ್ಲಿರುವ ಕತ್ತಿ. ದನದ ಮೈಗೂ ಅಷ್ಟೆ. ಪಿವಿಸಿ ಪೈಪನ್ನು ಸೀಳಿ ಬಗ್ಗಿಸುವವರಿದ್ದಾರೆ. ತೋಟದಲ್ಲಿ ಪೈಪಿನ ತುದಿಯನ್ನು ಸೋಗೆ ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ಇನ್ನೊಂದಕ್ಕೆ ತೂರಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕೆಲಸ. ಅದು ಸಾಧ್ಯವಾಗುವುದು ಪಿವಿಸಿ ಸುಮಾರು 80 ಡಿಗ್ರಿಯಲ್ಲಿ ಗಾಜಿನ ಗುಣ ಬಿಟ್ಟು ರಬ್ಬರಿನ ಗುಣ ತಾಳುವುದರಿಂದ. ಆದರೆ ಆ 80ರ ಕೆಳಗೆ, ಅಂದರೆ ನಾವು ಬದುಕುವ ಶಾಖದಲ್ಲಿ, ಅದು ಗಾಜಿನ ಗುಣದ್ದೇ. ವರ್ಷಗಟ್ಟಲೆ ಬಿಸಿಲು ತಿಂದ ಪಿವಿಸಿಗೆ ನಾಗಮಂಗಲದ ನೊರಜುಗಲ್ಲು ಬಡಿದರೆ ಸಿಡಿಯುತ್ತದೆ. ಉರಿಗೆ ನೇರವಾಗಿ ಹಿಡಿದರೆ ಹೊರಡುವ ಹೊಗೆಯಲ್ಲಿ ಹೈಡ್ರೊಕ್ಲೋರಿಕ್ ಆಮ್ಲವೂ ಇರುತ್ತದೆ. ಬಗ್ಗಿಸಲೇಬೇಕೆಂದರೆ ಕುದಿಯುವ ನೀರು ಸಾಕು.

ನನ್ನ ಆಯ್ಕೆ ಎಚ್‌ಡಿಪಿಇ. ತುಂತುರು ನೀರಾವರಿಯ, ಊರಿನ ನೀರು ಸರಬರಾಜಿನ ಕರಿ ಪೈಪು. ಅದು ಗಾಜಿನ ಗುಣಕ್ಕೆ ತಿರುಗಬೇಕಾದರೆ ಸೊನ್ನೆಯ ಕೆಳಗೆ ನೂರು ಡಿಗ್ರಿಗೂ ಹೆಚ್ಚು ತಣ್ಣಗಾಗಬೇಕು. ಹಾಗಾಗಿ ಕಲ್ಲೇಟಿಗೆ ತಗ್ಗುತ್ತದೆ, ಒಡೆಯುವುದಿಲ್ಲ. ಕರಿ ಬಣ್ಣ ಬರುವುದು ಅದಕ್ಕೆ ಬೆರೆಸಿದ ಮಸಿಯಿಂದ. ನೀರಿನ ಪೈಪಿನ ಭಾರತೀಯ ಮಾನಕ ಐಎಸ್ 4984 ಪ್ರಕಾರ ಶೇಕಡ 2.5ರಷ್ಟು. ಈ ಮಸಿ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾನು ಹೀರಿ ಪ್ಲಾಸ್ಟಿಕ್ಕಿನ ಸರಪಣಿಗಳು ತುಂಡಾಗದಂತೆ ಕಾಯುತ್ತದೆ. ನೀಲಿ ಡ್ರಮ್ಮೂ ಎಚ್‌ಡಿಪಿಇಯೇ. ಆದರೆ ಅದರಲ್ಲಿ ಮೊದಲು ಏನಿತ್ತೆಂದು ಗೊತ್ತಿಲ್ಲದಿದ್ದರೆ ಕತ್ತರಿಸುವುದೂ ಬೇಡ, ಕಾಯಿಸುವುದಂತೂ ಬೇಡವೇ ಬೇಡ. 110 ಮಿಲಿಮೀಟರು ವ್ಯಾಸದ ಪೈಪನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಸುಮಾರು 34 ಸೆಂಟಿಮೀಟರು ಅಗಲದ ಹಾಳೆಯಾಗುತ್ತದೆ. ಎರಡು ಫ್ಲೇರಿಗೆ ಧಾರಾಳ. ಇದು ಕರಗುವುದು 130 ಡಿಗ್ರಿಯ ಆಸುಪಾಸಿನಲ್ಲಿ. ಬಿಸಿಗಾಳಿಯ ಗನ್ನಿನಿಂದ ನಿಧಾನವಾಗಿ ಮೆತ್ತಗೆ ಮಾಡಿ, ಎರಡು ಹಲಗೆಯ ನಡುವೆ ಭಾರ ಹೇರಿ ಪೂರ್ತಿ ಆರಲು ಬಿಡಬೇಕು. ಆತುರಪಟ್ಟರೆ ಮತ್ತೆ ಪೈಪಿನ ಆಕಾರಕ್ಕೇ ಸುರುಳಿಕೊಳ್ಳುತ್ತದೆ. ಗದ್ದೆಯಲ್ಲಷ್ಟೇ ಓಡುವ ಗಾಡಿಗೆ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರೂ ಆಗುತ್ತದೆ. ಬದುವಿಗೆ ತಾಗಿದರೆ ಮಡಚಿಕೊಂಡು ಮತ್ತೆ ನೆಟ್ಟಗಾಗುತ್ತದೆ, ಕೆಸರು ಮೆತ್ತಿದರೆ ತೂಗಾಡಿ ಕೊಡವಿಕೊಳ್ಳುತ್ತದೆ. ತೂಕ ಮಾತ್ರ ಹೆಚ್ಚು.

ಹಾಳೆ ಸಿದ್ಧವಾದ ಮೇಲೆ ಎಲ್ಲರೂ ಎಡವುವ ಜಾಗವೊಂದಿದೆ. ನೆಟ್ಟಗಿನ ಪಟ್ಟಿಯನ್ನು ದುಂಡು ಕಮಾನಿಗೆ ಸುತ್ತಿ, ಅಂಚನ್ನು ಮಡಚಿ ಗಾಡಿಯ ಮೈಗೆ ಒತ್ತಿದರೆ ಅದು ಸುಕ್ಕುಗಟ್ಟುತ್ತದೆ, ಇಲ್ಲವೇ ಎದ್ದು ನಿಲ್ಲುತ್ತದೆ. ಎಷ್ಟು ಗುದ್ದಿದರೂ ಕೂರುವುದಿಲ್ಲ. ಮೇಸ್ತ್ರಿಯ ಕೈಚಳಕದ ಕೊರತೆಯಿಂದ ಹೀಗಾಗುವುದಲ್ಲ. ಜರ್ಮನಿಯ ಗಣಿತಜ್ಞ ಗಾಸ್ 1827ರಲ್ಲಿ ತೋರಿಸಿಕೊಟ್ಟ ನಿಯಮ ಅಡ್ಡ ನಿಂತಿರುತ್ತದೆ: ಹಿಗ್ಗಿಸದೆ ಕುಗ್ಗಿಸದೆ ಸಪಾಟು ಹಾಳೆಯನ್ನು ಕೊಳವೆಯಾಗಿಯೋ ಶಂಕುವಾಗಿಯೋ ಬಗ್ಗಿಸಬಹುದು, ಎರಡು ದಿಕ್ಕಿಗೂ ಬಾಗಿದ ಮೈಯಾಗಿ ಬಗ್ಗಿಸಲಾಗದು. ಕಮಾನಿನ ಸುತ್ತ ಹೊರಗೆ ಮಡಚುವ ಅಂಚು 4 ಸೆಂಟಿಮೀಟರು ಅಗಲವಿದ್ದರೆ, ಅರ್ಧವೃತ್ತದ ಉದ್ದಕ್ಕೆ ಅದರ ಹೊರತುದಿಗೆ ಹನ್ನೆರಡೂವರೆ ಸೆಂಟಿಮೀಟರು ಹೆಚ್ಚು ಉದ್ದ ಬೇಕು. ಕಮಾನು ಚಿಕ್ಕದಿರಲಿ, ದೊಡ್ಡದಿರಲಿ, ಈ ಹೆಚ್ಚುವರಿ ಅಷ್ಟೇ: ಪೈ ಗುಣಿಸು ಅಂಚಿನ ಅಗಲ. ಆ ಉದ್ದವನ್ನು ಎಲ್ಲಿಂದಾದರೂ ತರಬೇಕು. ರವಿಕೆಯ ಕೊರಳಿನ ಸುತ್ತು ಹೊಲಿಯುವ ಟೈಲರು ಒಳಬಟ್ಟೆಗೆ ಅಲ್ಲಲ್ಲಿ ಕತ್ತರಿ ಹಾಕುವುದು ಇದೇ ಕಾರಣಕ್ಕೆ. ಫ್ಲೇರಿನ ಅಂಚಿಗೂ ಎರಡೆರಡು ಇಂಚಿಗೊಂದು ಸೀಳು ಕೊಟ್ಟರೆ ಸೀಳುಗಳು ಬಾಯಿ ಬಿಟ್ಟುಕೊಂಡು ಅಂಚು ಮೈಗೆ ಒರಗುತ್ತದೆ. ಸೀಳಿನ ಬುಡದಲ್ಲಿ ಮೊದಲೇ ಒಂದು ಸಣ್ಣ ದುಂಡು ತೂತು ಕೊರೆದಿರಬೇಕು. ಇಲ್ಲದಿದ್ದರೆ ಅಲ್ಲಿಂದಲೇ ಬಿರುಕು ಓಡುತ್ತದೆ.

ಫ್ಲೇರು ಕಮಾನಿನಿಂದ ಲಂಬವಾಗಿ ಚಾಚದೆ, ತುಸು ಅಗಲಿಸಿಕೊಂಡು ಹೊರಬರುವುದು ಚೆನ್ನ. ಟೈರು ಕುಣಿಯುವಾಗ ತಾಗುವುದಿಲ್ಲ. ಆಗ ಅದು ಶಂಕುವಿನ ತುಂಡು. ಶಂಕುವನ್ನು ಬಿಡಿಸಿದರೆ ಬರುವುದು ಬಳೆಯ ಚೂರಿನ ಆಕಾರದ ಹಾಳೆ. ಕಮಾನಿನ ತ್ರಿಜ್ಯ 42 ಸೆಂಟಿಮೀಟರು, ಫ್ಲೇರಿನ ಅಗಲ 8, ಹೊರತುದಿಯ ತ್ರಿಜ್ಯ 44 ಎಂದುಕೊಳ್ಳಿ. ಅಂಗಳದಲ್ಲಿ ಒಂದು ಮೊಳೆ ಹೊಡೆದು, 168 ಸೆಂಟಿಮೀಟರು ದಾರದಲ್ಲಿ ಸೀಮೆಸುಣ್ಣ ಕಟ್ಟಿ ಒಂದು ಕಮಾನು ಎಳೆಯಿರಿ. ಅದೇ ಮೊಳೆಯಿಂದ 176 ಸೆಂಟಿಮೀಟರಿಗೆ ಇನ್ನೊಂದು. ಎರಡರಲ್ಲೂ 45 ಡಿಗ್ರಿಯಷ್ಟನ್ನು ಮಾತ್ರ ಉಳಿಸಿಕೊಂಡರೆ ನಡುವಿನ ಪಟ್ಟಿಯೇ ಫ್ಲೇರಿನ ನಕ್ಷೆ. ಒಳಅಂಚು 132 ಸೆಂಟಿಮೀಟರು, ಹೊರಅಂಚು 138. ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ಹಾಳೆಗೆ ಕೈಹಾಕಿ. ಹಳೆಯ ಜೀಪಿನ ಚಪ್ಪಟೆ ಮಡ್‌ಗಾರ್ಡಿಗೆ ಈ ಗಣಿತ ಬೇಕಿಲ್ಲ, ನೆಟ್ಟಗಿನ ಪಟ್ಟಿಗಳೇ ಸಾಕು. ಯಾವ ಗಾಡಿಯಾದರೂ ರಟ್ಟನ್ನು ಕೂರಿಸಿ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಬೇಕು. ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ ಸ್ಪ್ರಿಂಗಿನ ಪಟ್ಟಿ ಒತ್ತಿಕೊಂಡಾಗಲೂ ಟೈರಿಗೂ ರಟ್ಟಿಗೂ ನಾಲ್ಕು ಬೆರಳು ಜಾಗ ಉಳಿಯುತ್ತದೆಯೇ ನೋಡಬೇಕು.

ಇನ್ನು ಕೂರಿಸುವುದು. ಆಯಸ್ಕಾಂತ ಬಳಸೋಣವೆಂದು ಆಸೆಯಾಗುತ್ತದೆ, ತೂತು ಕೊರೆಯಬೇಕಿಲ್ಲವಲ್ಲ. ಆದರೆ ಆಯಸ್ಕಾಂತ ನೇರ ಎಳೆತಕ್ಕೆ ಜಗ್ಗದಿದ್ದರೂ ಪಕ್ಕಕ್ಕೆ ಜಾರುವುದಕ್ಕೆ ಒಡ್ಡುವ ಬಲ ಬಹಳ ಕಡಿಮೆ. ಮೇಲಾಗಿ ಹೊಳೆ ಮರಳಿನಲ್ಲಿರುವ ಮ್ಯಾಗ್ನೆಟೈಟಿನ ಕಪ್ಪು ಕಣಗಳು ಅದಕ್ಕೆ ಮುತ್ತಿಕೊಂಡು, ಬಣ್ಣವನ್ನು ಉಜ್ಜುವ ಕಾಗದವಾಗುತ್ತವೆ. ರೆಕ್ಕೆಯ ನಟ್ಟು ಕೈಯಲ್ಲೇ ಬಿಚ್ಚಲು ಬರುತ್ತದೆ. ಅದು ದಾರಿಯಲ್ಲಿ ತಾನೇ ಬಿಚ್ಚಿಕೊಳ್ಳುವುದಕ್ಕೂ ಅಷ್ಟೇ ಸುಲಭ. ಬೋಲ್ಟಿಗೆ ಅಡ್ಡಲಾಗಿ ಅಲುಗಾಟ ಬಿದ್ದರೆ ಎಳೆಗಳ ನಡುವಿನ ಘರ್ಷಣೆ ಕ್ಷಣ ಕ್ಷಣ ಕಳಚಿಕೊಂಡು ನಟ್ಟು ತಿರುಗುತ್ತಾ ಹೊರಡುತ್ತದೆ. ಇದನ್ನು ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರು 1969ರಲ್ಲಿ ಯಂತ್ರ ಕಟ್ಟಿ ತೋರಿಸಿದ. ಫ್ಲೇರಿಗೆ ಬೀಳುವುದು ಇಂಥ ಅಡ್ಡ ಅಲುಗಾಟವೇ.

ಸುತ್ತಿ ಬಿಗಿಯುವುದನ್ನೇ ಬಿಟ್ಟು, ಅಡ್ಡಕ್ಕೆ ಪಿನ್ನು ತೂರಿಸುವುದು ಇದಕ್ಕೆ ಮದ್ದು. ಎತ್ತಿನಗಾಡಿಯ ಚಕ್ರ ಅಚ್ಚಿನಿಂದ ಆಚೆ ಬಾರದಂತೆ ಹಿಡಿಯುವ ಕಡಾಣಿ ಮಾಡುವ ಕೆಲಸ ಅದು. ಅಲುಗಾಡಿದರೆ ಬಿಚ್ಚಿಕೊಳ್ಳಲು ಅದರಲ್ಲಿ ಎಳೆಯೇ ಇಲ್ಲ. ಚಕ್ರ ತಳ್ಳುವ ಬಲ ಅದನ್ನು ತುಂಡರಿಸಲು ನೋಡುತ್ತದೆಯೇ ಹೊರತು ಮೇಲೆತ್ತಲು ನೋಡುವುದಿಲ್ಲ. ಟ್ರ್ಯಾಕ್ಟರಿನ ಹಿಂದೆ ನೇಗಿಲು ಕೊಂಡಿಹಾಕುವಾಗ ಹಾಕುವ, ಉಂಗುರದ ಸ್ಪ್ರಿಂಗಿರುವ ಪಿನ್ನೂ ಅದೇ ಜಾತಿ. ಯಾವ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಾದರೂ ಸಿಗುತ್ತದೆ. ಗಾಡಿಯ ಕಮಾನಿನ ಒಳಮಡಿಕೆಗೆ ಐದು ಗೂಟಗಳನ್ನು ಕೂರಿಸಿ, ಅವು ಫ್ಲೇರಿನ ತೂತುಗಳಲ್ಲಿ ತೂರಿ ಬಂದ ಮೇಲೆ ಪಿನ್ನು ಹಾಕಿದರೆ ಮುಗಿಯಿತು. ಕೆಸರುಗೈಯಲ್ಲೂ ತೆಗೆಯಬಹುದು, ಸ್ಪ್ಯಾನರು ಬೇಡ.

ನಡುವಿನ ತೂತು ಮಾತ್ರ ದುಂಡಗಿರಲಿ. ಉಳಿದ ನಾಲ್ಕು ಉದ್ದುದ್ದ ಇರಬೇಕು. ಒಂದು ಮೀಟರು ಉದ್ದದ ಎಚ್‌ಡಿಪಿಇ ಪಟ್ಟಿ 30 ಡಿಗ್ರಿ ಶಾಖ ಏರಿದರೆ ನಾಲ್ಕೂವರೆ ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಅದರ ಹಿಂದಿರುವ ಉಕ್ಕು ಅರ್ಧ ಮಿಲಿಮೀಟರೂ ಹಿಗ್ಗುವುದಿಲ್ಲ. ಮಾಘದ ಬೆಳಗಿನಲ್ಲಿ ಬಿಗಿಯಾಗಿ ಕೂರಿಸಿದ ಫ್ಲೇರು ಏಪ್ರಿಲ್ ಮಧ್ಯಾಹ್ನ ಅಲೆಅಲೆಯಾಗಿ ಉಬ್ಬಿ ನಿಲ್ಲುವುದು ಇದರಿಂದ. ಒಂದು ಗೂಟವನ್ನಾದರೂ ನೈಲಾನಿನದ್ದು ಹಾಕಿ, ಉಳಿದವನ್ನು ಸಡಿಲವಾಗಿಟ್ಟರೆ ಕೂಳೆ ಕಬ್ಬಿನ ಬುಡಕ್ಕೋ ಬೇಲಿಗೋ ಸಿಕ್ಕಿಕೊಂಡಾಗ ನೈಲಾನು ಮುರಿದು ಫ್ಲೇರು ಸರಿದುಕೊಳ್ಳುತ್ತದೆ, ಗಾಡಿಯ ಮೈ ಉಳಿಯುತ್ತದೆ. ರೋಟವೇಟರಿನ ಶಾಫ್ಟಿನಲ್ಲಿ ತುಂಡಾಗಲೆಂದೇ ಹಾಕುವ ಬೋಲ್ಟಿನ ಉಪಾಯ ಇದು. ಹೊರಅಂಚಿಗೆ ಹನಿ ನೀರಾವರಿಯ 16 ಮಿಲಿಮೀಟರು ಪೈಪನ್ನು ಉದ್ದಕ್ಕೆ ಸೀಳಿ ಸಿಕ್ಕಿಸಬೇಕು. ಅಂಚು ಮೊಂಡಾಗುತ್ತದೆ, ಜೊತೆಗೆ ಒಳಮೈಯಲ್ಲಿ ಪೊರೆಯಾಗಿ ಹರಿದುಬರುವ ನೀರು ಹೊರಕ್ಕೆ ತೊಟ್ಟಿಕ್ಕದೆ ಆ ದಂಡೆಗೆ ತಡೆದು ಕೆಳಗಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಫ್ಲೇರು ತಡೆಯದ ಒಂದು ಕೆಸರಿದೆ. ನಿಂತ ನೀರಿಗೆ ಟೈರು ನುಗ್ಗಿದಾಗ ಅದರ ಅಡಿ ಸಿಕ್ಕ ನೀರು ಚಕ್ರಕ್ಕೆ ಅಂಟುವುದೇ ಇಲ್ಲ. ಜಾಗವಿಲ್ಲದೆ ಪಕ್ಕಕ್ಕೆ ಅಲೆಯಾಗಿ ಸಿಡಿಯುತ್ತದೆ. ಅದರ ದಾರಿ ನೆಲಕ್ಕೆ ಹತ್ತಿರ, ಫ್ಲೇರಿನ ಅಂಚಿಗಿಂತ ಎಷ್ಟೋ ಕೆಳಗೆ. ಟೈರು ಅಗಲವಾದಷ್ಟೂ ಪಕ್ಕಕ್ಕೆ ತಳ್ಳುವ ನೀರು ಹೆಚ್ಚು. ನಾಲೆ ಏರಿಯ ಮೇಲೆ ಶಾಲೆಗೆ ನಡೆದುಹೋಗುವ ಮಕ್ಕಳ ಮೈಮೇಲೆ ಬೀಳುವುದು ಈ ನೀರು. ಇದಕ್ಕೆ ಯಾವ ಪಟ್ಟಿಯೂ ಅಡ್ಡ ಬರುವುದಿಲ್ಲ. ಬ್ರೇಕು ಮಾತ್ರ ಬರುತ್ತದೆ.

ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತಾ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದಿತು. ಫ್ಲೇರಿಗಿಂತ ಮುಂಚೆ ಅಗಲದ ಟೈರೇ ಈ ಪ್ರಶ್ನೆಗೆ ಸಿಗುತ್ತದೆ. ಟೈರು ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಫ್ಲೇರು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಒಳಮೈಗೆ ತೆಳ್ಳಗೆ ಸುಣ್ಣ ಬಳಿದು, ಒಣಗಿದ ಮೇಲೆ ಗದ್ದೆಯ ಜಾಡಿನಲ್ಲಿ ಒಂದು ಸಲ ಹದವಾದ ವೇಗದಲ್ಲಿ ಹೋಗಿ ಬಂದು, ಪಿನ್ನು ಕಿತ್ತು ಮಗುಚಿ ನೋಡಿ. ಮಣ್ಣು ದಟ್ಟವಾಗಿ ಬಡಿದಿರುವ ಜಾಗ ಹಿಂಭಾಗದಿಂದ ನೆತ್ತಿಯ ಕಡೆಗೆ ಏರುವ ಭಾಗದಲ್ಲಿರಬೇಕು. ಅಲ್ಲಿ ಗುರುತುಗಳು ಹೊರಅಂಚಿನವರೆಗೂ ಹರಡಿದ್ದರೆ ಫ್ಲೇರು ಇನ್ನೆರಡು ಬೆರಳು ಅಗಲ ಬೇಕು. ಮುಂಭಾಗದ ಕೆಳತುದಿಯಲ್ಲಿ ಸುಣ್ಣ ಬೆಳ್ಳಗೇ ಉಳಿದಿದ್ದರೆ ಅಷ್ಟನ್ನು ಕತ್ತರಿಸಿ ತೆಗೆಯಬಹುದು; ಮೇಲಿಂದ ಜಾರಿಬಂದ ಹೆಂಟೆ ಉದುರಿಹೋಗಲು ಅಲ್ಲೊಂದು ಬಾಯಿ ಸಿಗುತ್ತದೆ. ಹೊಳೆದಂಡೆಯ ಕೆಸರುಗದ್ದೆಗೂ ನಾಗಮಂಗಲದ ಕೆಂಪು ನೆಲಕ್ಕೂ ಈ ನಕ್ಷೆ ಒಂದೇ ಥರ ಬರುವುದಿಲ್ಲ. ಎರಡು ಕಡೆಯೂ ಓಡಾಡುವ ಗಾಡಿಯವರು ಎರಡು ಕಡೆಯೂ ಸುಣ್ಣ ಬಳಿದು ನೋಡಬೇಕು.